ಫ್ರೆಡ್ರಿಕ್ ಡೇನಿಯಲ್ ಫಾನ್ ರೆಕ್ಲಿಂಗ್‌ಹೌಸೆನ್

ಫ್ರೆಡ್ರಿಕ್ ಡೇನಿಯಲ್ ಫಾನ್ ರೆಕ್ಲಿಂಗ್‌ಹೌಸೆನ್ (ಡಿಸೆಂಬರ್ 2, 1833 – ಆಗಸ್ಟ್ 26, 1910) ಜರ್ಮನಿಯ ಪ್ರಸಿದ್ಧ ರೋಗವಿಜ್ಞಾನಿ. ಚರ್ಮದ ಮೇಲೆ ಮೂಡುವ ನ್ಯೂರೋಫೈಬ್ರೋಮಾ ಎಂಬ ಮೃದುವಾದ ಗಂತಿಗಳು ನರಗಳ ಹೊದಿಕೆಯಿಂದ ಹುಟ್ಟುತ್ತವೆ ಎಂಬುದನ್ನು ತೋರಿಸಿಕೊಟ್ಟವರು ಇವರು.

ಜನನ ಮತ್ತು ಶಿಕ್ಷಣ

ಇವರು ವೆಸ್ಟ್‌ಫಾಲಿಯಾ ಪ್ರಾಂತದ ಗ್ಯೂಟರ್ಸ್‌ಲೋ ಎಂಬ ಊರಿನಲ್ಲಿ ಜನಿಸಿದರು. ಬಾನ್, ವ್ಯೂರ್ಟ್ಸ್‌ಬರ್ಗ್ ಹಾಗೂ ಬರ್ಲಿನ್‌ಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1855ರಲ್ಲಿ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅನಂತರ ಅಲ್ಲಿಯೇ ಖ್ಯಾತ ವಿಜ್ಞಾನಿ ರುಡಾಲ್ಫ್ ವಿರ್ಕೋ ಅವರ ಸಹಾಯಕರಾಗಿ 1864ರವರೆಗೆ ದುಡಿದರು.

ವೃತ್ತಿಜೀವನ

1865ರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ, ಮರುವರ್ಷ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು. 1872ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿ, 1906ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಬೋಧಿಸಿದರು. ಸಿಲ್ವರ್ ನೈಟ್ರೇಟ್ ಬಳಸಿ ಜೀವಕೋಶಗಳ ಅಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಾಣಿಸುವ ವಿಧಾನವನ್ನು ರೂಪಿಸಿದ್ದು ಇವರ ಆರಂಭದ ಸಾಧನೆ. ಅಂಗಾಂಗಗಳಲ್ಲಿ ಕಬ್ಬಿಣದ ಅಂಶ ಮಿತಿಮೀರಿ ಶೇಖರವಾಗುವ ಕಾಯಿಲೆಗೆ 1889ರಲ್ಲಿ ಹೀಮೋಕ್ರೊಮಟೋಸಿಸ್ ಎಂಬ ಹೆಸರನ್ನಿತ್ತರು.

ಚರ್ಮದ ಗಂತಿಗಳ ಅಧ್ಯಯನ

ಮೈತುಂಬ ಗಂತಿಗಳಿದ್ದ ರೋಗಿಗಳನ್ನು ಇವರಿಗಿಂತ ಮೊದಲೇ ಕೆಲವರು ವರ್ಣಿಸಿದ್ದರು. ಡಬ್ಲಿನ್‌ನ ರಾಬರ್ಟ್ ವಿಲಿಯಂ ಸ್ಮಿತ್ 1849ರಲ್ಲಿಯೇ ಈ ಕುರಿತು ಬರೆದಿದ್ದರು. ಆದರೆ ಚರ್ಮದ ಗಂತಿಗಳಿಗೂ ನರಗಳ ಮೇಲಿನ ಗಂತಿಗಳಿಗೂ ಇರುವ ಸಂಬಂಧ ಸ್ಪಷ್ಟವಾಗಿರಲಿಲ್ಲ. ರೆಕ್ಲಿಂಗ್‌ಹೌಸೆನ್ ಇಬ್ಬರು ರೋಗಿಗಳ ಗಂತಿಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಅವುಗಳಲ್ಲಿ ನರದ ಎಳೆಗಳೂ ನರದ ಹೊದಿಕೆಯ ನಾರಿನಂಥ ಅಂಗಾಂಶವೂ ಹೆಣೆದುಕೊಂಡಿರುವುದನ್ನು ಕಂಡರು. ಎರಡೂ ಬಗೆಯ ಗಂತಿಗಳ ಮೂಲ ಒಂದೇ ಎಂದು ನಿರ್ಣಯಿಸಿ 1882ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಇದನ್ನು ಗುರು ವಿರ್ಕೋ ಅವರ ಬರ್ಲಿನ್ ಸಂಸ್ಥೆಯ 25ನೆಯ ವರ್ಷದ ಸಂದರ್ಭದಲ್ಲಿ ಅರ್ಪಿಸಲಾಯಿತು.

ಮಹತ್ವ

ಚರ್ಮದ ನ್ಯೂರೋಫೈಬ್ರೋಮಾ ಸಾಮಾನ್ಯವಾಗಿ ಅಪಾಯವಿಲ್ಲದ ಗಂತಿ. ಆರೋಗ್ಯವಂತ ವಯಸ್ಕರಲ್ಲಿಯೂ ಒಂಟಿಯಾಗಿ ಕಾಣಿಸಿಕೊಳ್ಳಬಹುದು. ಅನೇಕ ಗಂತಿಗಳ ಜೊತೆಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳಿದ್ದರೆ ಅದು ನ್ಯೂರೋಫೈಬ್ರೊಮಟೋಸಿಸ್ ಎಂಬ ವಂಶವಾಹಿ ಕಾಯಿಲೆಯಾಗಿರಬಹುದು. ಸುಮಾರು 3,000 ಜನರಲ್ಲಿ ಒಬ್ಬರಿಗೆ ಬರುವ ಇದರ ಮೊದಲನೆಯ ಬಗೆಯನ್ನು ಇವರ ಹೆಸರಿನಿಂದ ರೆಕ್ಲಿಂಗ್‌ಹೌಸೆನ್ ಕಾಯಿಲೆ ಎಂದೂ ಕರೆಯುತ್ತಾರೆ. ಈ ಕಾಯಿಲೆಯಲ್ಲಿ ಆಳದ ಕೆಲವು ಗಂತಿಗಳು ಕ್ಯಾನ್ಸರ್ ಆಗಿ ಮಾರ್ಪಡುವ ಸಂಭವವಿರುವುದರಿಂದ, ಬೇಗನೆ ಬೆಳೆಯುವ ಅಥವಾ ನೋಯುವ ಗಂತಿಯನ್ನು ವೈದ್ಯರಿಗೆ ತೋರಿಸಬೇಕು.

ಇಂತಹ ಗಂತಿಗಳನ್ನು ಕುಷ್ಠವೆಂದು ತಪ್ಪಾಗಿ ಭಾವಿಸಿ ರೋಗಿಯನ್ನು ದೂರವಿಡುವುದುಂಟು. ಕುಷ್ಠ ರೋಗಾಣುವಿನಿಂದ ಬರುವಂಥದು; ಇದಾದರೋ ಸೋಂಕೇ ಅಲ್ಲ, ಮುಟ್ಟಿದರೆ ಹರಡುವುದೂ ಇಲ್ಲ. ಕಾಯಿಲೆಗೆ ಕಾರಣವಾದ ವಂಶವಾಹಿಯನ್ನು 17ನೆಯ ವರ್ಣತಂತುವಿನಲ್ಲಿ 1990ರಲ್ಲಿ ಗುರುತಿಸಲಾಯಿತು. ಸುಮಾರು ಅರ್ಧದಷ್ಟು ರೋಗಿಗಳ ತಂದೆತಾಯಿಯರಲ್ಲಿ ಈ ಕಾಯಿಲೆ ಇರುವುದಿಲ್ಲ.

ನಿಧನ

ರೆಕ್ಲಿಂಗ್‌ಹೌಸೆನ್ 1910ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ ನಿಧನರಾದರು.