ಬಸರಾದ ಜಾಹಿಝ್ ಮತ್ತು ಕೆಂಡ ನುಂಗುವ ಹಕ್ಕಿ

ಉರ್ದು ಪಾಠದಲ್ಲಿ ಶುತುರ್‌ಮುರ್ಗ್ ಎಂಬ ಪದವನ್ನು ನೀವು ಓದಿರಬಹುದು. ಅದೇ ಹಕ್ಕಿಗೆ ಕನ್ನಡ ಪಾಠದಲ್ಲಿ ಉಷ್ಟ್ರಪಕ್ಷಿ ಎನ್ನುತ್ತೇವೆ. ಎರಡೂ ಭಾಷೆಗಳನ್ನು ಕಲಿಸುವ ನನಗೆ ಈ ಎರಡು ಪದಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯುವುದೆಂದರೆ ಬಹಳ ಇಷ್ಟ. ಫಾರಸಿಯ ಶುತುರ್, ಸಂಸ್ಕೃತದ ಉಷ್ಟ್ರ ಎರಡೂ ಒಂದೇ ಬೇರಿನಿಂದ ಬಂದವು, ಎರಡರ ಅರ್ಥವೂ ಒಂಟೆ. ಈ ಹಕ್ಕಿಯ ವೈಜ್ಞಾನಿಕ ಹೆಸರಾದ ಸ್ಟ್ರೂಥಿಯೋ ಕ್ಯಾಮೆಲಸ್‌ನಲ್ಲಿಯೂ ಒಂಟೆಯೇ ಕುಳಿತಿದೆ.

ಅರಬರು ಇದನ್ನು ನಆಮ ಎಂದು ಕರೆದರು. ಹೊರೆ ಹೊರು ಎಂದರೆ ತಾನು ಹಕ್ಕಿ ಎನ್ನುತ್ತದೆ, ಹಾರು ಎಂದರೆ ತಾನು ಒಂಟೆ ಎನ್ನುತ್ತದೆ ಎಂದು ಕೆಲಸಗಳ್ಳರನ್ನು ಹಂಗಿಸಲು ಅವರಲ್ಲಿ ಒಂದು ಗಾದೆಯೇ ಇತ್ತು. ಇದರ ಎಲುಬಿನಲ್ಲಿ ಮಜ್ಜೆ ಇಲ್ಲವೆಂದರು, ಕಿವಿ ಕೇಳಿಸದೆಂದರು, ಉರಿಯುವ ಕೆಂಡವನ್ನು ನುಂಗಿ ಅರಗಿಸಿಕೊಳ್ಳುತ್ತದೆ ಎಂದರು. ಸುಮಾರು 1200 ವರ್ಷಗಳ ಹಿಂದೆ ಇಂತಹ ಮಾತುಗಳನ್ನೆಲ್ಲ ಒಂದು ಕಡೆ ಸೇರಿಸಿ, ಇವುಗಳಲ್ಲಿ ನಿಜವೆಷ್ಟು ಎಂದು ಕೇಳಲು ಹೊರಟ ಮಹನೀಯರ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ. ಅವರ ಪೂರ್ಣ ಹೆಸರು ಅಬೂ ಉಸ್ಮಾನ್ ಅಮ್ರ್ ಇಬ್ನ್ ಬಹರ್. ಕಣ್ಣುಗುಡ್ಡೆಗಳು ಹೊರಚಾಚಿದ್ದರಿಂದ ಜನ ಅವರನ್ನು ಜಾಹಿಝ್ ಎಂದು ಕರೆದರು. ಮೂದಲಿಕೆಗೆ ಇಟ್ಟ ಆ ಅಡ್ಡಹೆಸರೇ ಇಂದು ಅರಬಿ ಸಾಹಿತ್ಯದ ಬಹುದೊಡ್ಡ ಹೆಸರುಗಳಲ್ಲಿ ಒಂದು.

ಜಾಹಿಝ್ ಹುಟ್ಟಿದ್ದು ಕ್ರಿ.ಶ. 776ರ ಸುಮಾರಿಗೆ, ಇರಾಕಿನ ಬಸರಾ ಪಟ್ಟಣದಲ್ಲಿ. ಅವರ ಅಜ್ಜ ಒಂಟೆ ಕಾಯುತ್ತಿದ್ದ ಕಪ್ಪು ಜನಾಂಗದವರು ಎಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಮನೆಯಲ್ಲಿ ಕಡುಬಡತನ. ಹುಡುಗ ಬಸರಾದ ಕಾಲುವೆಯ ದಂಡೆಯಲ್ಲಿ ರೊಟ್ಟಿ ಮತ್ತು ಮೀನು ಮಾರುತ್ತಿದ್ದ. ಬಿಡುವು ಸಿಕ್ಕಾಗ ಮಸೀದಿಯಲ್ಲಿ ವಿದ್ವಾಂಸರ ಸುತ್ತ ನೆರೆದ ಗುಂಪಿನಲ್ಲಿ ಹೋಗಿ ಕೂರುತ್ತಿದ್ದ. ಅಸ್ಮಈ, ಅಬೂ ಉಬೈದ ಮೊದಲಾದ ಭಾಷಾಪಂಡಿತರಿಂದ ಪಾಠ ಕೇಳಿದ್ದು ಹಾಗೆ. ಊರಂಚಿನ ಮಿರ್ಬದ್ ಸಂತೆಗೆ ಮರುಭೂಮಿಯ ಬದವೀ ಅರಬರು ಬರುತ್ತಿದ್ದರು. ಅವರ ಶುದ್ಧ ಅರಬಿಯನ್ನು, ಬೇಟೆಯ ಅನುಭವಗಳನ್ನು ಆತ ಕಿವಿಗೊಟ್ಟು ಕೇಳಿದ. ಉಷ್ಟ್ರಪಕ್ಷಿಯನ್ನು ಬಲ್ಲವರು ಅವರೇ ತಾನೆ.

ವಿದ್ಯಾರ್ಥಿ ಮಿತ್ರರೇ, ಜಾಹಿಝ್‌ರ ತಾಯಿಯ ಬಗ್ಗೆ ಒಂದು ಕಥೆ ಪ್ರಚಲಿತದಲ್ಲಿದೆ. ಒಂದು ದಿನ ಮಗ ಊಟ ಕೇಳಿದಾಗ ತಾಯಿ ತಟ್ಟೆಯಲ್ಲಿ ಅವರ ಟಿಪ್ಪಣಿ ಕಟ್ಟುಗಳನ್ನೇ ತಂದಿಟ್ಟರಂತೆ. ನೀನು ಮನೆಗೆ ತರುವುದು ಇದನ್ನೇ ಅಲ್ಲವೇ ಎಂಬುದು ಅದರ ಇಂಗಿತ. ಜಾಹಿಝ್ ಬೇಸರಗೊಂಡು ಮಸೀದಿಗೆ ಹೋದರು. ಅಲ್ಲಿ ಅವರ ಬಾಡಿದ ಮುಖವನ್ನು ಕಂಡ ಸ್ಥಿತಿವಂತ ಸ್ನೇಹಿತರೊಬ್ಬರು ಕಾರಣ ಕೇಳಿ ತಿಳಿದು, ಮನೆಗೆ ಕರೆದೊಯ್ದು ಉಣಬಡಿಸಿ, 50 ದೀನಾರ್ ಕೊಟ್ಟರು. ಹಿಟ್ಟು ಮೊದಲಾದ ಸಾಮಾನುಗಳನ್ನು ಕೂಲಿಯವರ ತಲೆಯ ಮೇಲೆ ಹೊರಿಸಿಕೊಂಡು ಬಂದ ಮಗನನ್ನು ತಾಯಿ ಬೆರಗಿನಿಂದ ನೋಡಿದಾಗ, ಇದು ನೀವು ತಟ್ಟೆಯಲ್ಲಿಟ್ಟ ಕಾಗದಗಳಿಂದಲೇ ಬಂದದ್ದು ಎಂದು ಆತ ಉತ್ತರಿಸಿದರಂತೆ. ಆ ತಾಯಿಯದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಒಲೆ ಉರಿಸಬೇಕಾದವರು ಅವರು. ಅವರ ಮಗನಾದರೋ ಪುಸ್ತಕ ಕೊಳ್ಳಲು ಹಣವಿಲ್ಲದೆ ಪುಸ್ತಕದ ಅಂಗಡಿಗಳನ್ನೇ ಬಾಡಿಗೆಗೆ ಹಿಡಿದು, ರಾತ್ರಿಯೆಲ್ಲ ಅಲ್ಲಿಯೇ ಓದುತ್ತಾ ಕೂರುತ್ತಿದ್ದವರು.

ಮುಂದೆ ಖಲೀಫಾ ಮಾಮೂನ್ ಇವರ ಬರಹಗಳನ್ನು ಮೆಚ್ಚಿದರು. ಬಗ್ದಾದಿನ ಬಾಗಿಲು ತೆರೆಯಿತು. ಆಸ್ಥಾನದ ಕಚೇರಿಯಲ್ಲಿ ಕೆಲಸವೂ ಸಿಕ್ಕಿತು, ಆದರೆ 3 ದಿನಗಳಲ್ಲಿ ಬಿಟ್ಟು ಬಂದರು ಎನ್ನುತ್ತಾರೆ. ಅವರ ನೆಲೆ ಬರವಣಿಗೆಯೇ ಆಗಿತ್ತು. ಪ್ರಾಣಿಗಳನ್ನು ಕುರಿತ ಅವರ ಮಹಾಕೃತಿ ಕಿತಾಬುಲ್ ಹಯವಾನ್ 7 ಭಾಗಗಳಲ್ಲಿದೆ. ಅದನ್ನು ವಜೀರ ಇಬ್ನುಲ್ ಝಯ್ಯಾತ್‌ಗೆ ಅರ್ಪಿಸಿ 5000 ದೀನಾರ್ ಬಹುಮಾನ ಪಡೆದರು.

ಈ ಗ್ರಂಥದ ಆರಂಭದಲ್ಲಿಯೇ ಬಾವಲಿ ಮತ್ತು ಉಷ್ಟ್ರಪಕ್ಷಿಯನ್ನು ಜಾಹಿಝ್ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾರೆ. ಬಾವಲಿಗೆ ಗರಿಯಿಲ್ಲ, ಮರಿ ಹಾಕಿ ಹಾಲೂಡಿಸುತ್ತದೆ, ಹಲ್ಲುಗಳಿವೆ, ಆದರೂ ಹಾರುವುದರಿಂದ ಜನರ ಲೆಕ್ಕದಲ್ಲಿ ಅದು ಹಕ್ಕಿ. ಉಷ್ಟ್ರಪಕ್ಷಿಗೆ ಗರಿ, ಕೊಕ್ಕು, ಮೊಟ್ಟೆ, ಎರಡು ರೆಕ್ಕೆ ಎಲ್ಲವೂ ಇವೆ, ಆದರೂ ಅದು ಹಕ್ಕಿಗಳ ಲೆಕ್ಕದಿಂದ ಹೊರಗೆ. ಇಂದಿನ ವಿಜ್ಞಾನ ಈ ಎರಡೂ ತೀರ್ಪುಗಳನ್ನು ತಿರುಗಿಸಿದೆ. ಬಾವಲಿ ಸಸ್ತನಿ. ಸುಮಾರು 150 ಕೆ.ಜಿ. ತೂಗಬಲ್ಲ, ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡಬಲ್ಲ ಉಷ್ಟ್ರಪಕ್ಷಿ ಈಗ ಬದುಕಿರುವ ಹಕ್ಕಿಗಳಲ್ಲೆಲ್ಲ ದೊಡ್ಡದು. ಆಸ್ಟ್ರೇಲಿಯಾದ ಎಮು, ದಕ್ಷಿಣ ಅಮೆರಿಕದ ರಿಯಾ, ನ್ಯೂಜಿಲೆಂಡಿನ ಕಿವಿ ಅದರ ದೂರದ ನೆಂಟರು. ಆದರೆ ಗಮನಿಸಿ, ಹಾರುತ್ತದೆಯೋ ಇಲ್ಲವೋ ಎಂಬುದನ್ನು ಬದಿಗಿಟ್ಟು ಗರಿ, ಮೊಟ್ಟೆ, ಹಾಲು, ಹಲ್ಲು ಎಂದು ಯಾವ ಲಕ್ಷಣಗಳನ್ನು ನಾವು ಇಂದು ತರಗತಿಯಲ್ಲಿ ಹೇಳಿಕೊಡುತ್ತೇವೆಯೋ, ಅವೆಲ್ಲವೂ ಅವರ ಪುಟದ ಮೇಲೆಯೇ ಇವೆ.

ಈಗ ಕೆಂಡದ ವಿಷಯಕ್ಕೆ ಬರೋಣ. ಜಾಹಿಝ್‌ರ ಗುರು ನಝ್ಝಾಮ್ ಎಂಬವರು ಬಸರಾದ ದೊಡ್ಡ ತಾರ್ಕಿಕರು. ಉಷ್ಟ್ರಪಕ್ಷಿ ಕೆಂಡ ನುಂಗುವುದನ್ನು ಅವರು ಕಣ್ಣಾರೆ ನೋಡಬಯಸಿದರು. ಕೆಂಡ ಹಾಕಿದಾಗ ಹಕ್ಕಿ ನುಂಗಿತು. ಆದರೆ ಅವರಿಗೆ ಸಂದೇಹ. ಕೆಂಡ ಹಗುರ, ಬಾಯಿಯ ತೇವ ತಾಗಿದೊಡನೆ ಆರಿಹೋಗಬಹುದು. ಹಾಗಾಗಿ ಹೆಚ್ಚು ಹೊತ್ತು ಕಾವು ಹಿಡಿದಿಡುವ ಕಲ್ಲನ್ನು ಕಾಯಿಸಿ ಹಾಕಿದರು. ಅದನ್ನೂ ನುಂಗಿತು. ಒಂದು ಸಲ ನೋಡಿದ್ದು ಸಾಲದೆಂದು ಎರಡನೆಯ, ಮೂರನೆಯ ಸಲ ಮಾಡಿ ನೋಡಿದರು. ಬಳಿಕ ಕಾದ ಕಬ್ಬಿಣದ ತುಂಡುಗಳು. ಅವನ್ನೂ ಬಿಡಲಿಲ್ಲ.

ನುಂಗಿದ್ದು ನಿಜವಾಯಿತು. ಅರಗಿತೇ? ಅದು ಬೇರೆಯೇ ಪ್ರಶ್ನೆ ಎಂದು ಅವರಿಗೆ ಗೊತ್ತಿತ್ತು. ಕಬ್ಬಿಣ ಕರಗದೆ, ಹೊರಗೂ ಹೋಗದೆ ಒಳಗೇ ಉಳಿದಿರಬಹುದು. ಆದ್ದರಿಂದ ಹಕ್ಕಿಯನ್ನು ಜಬಹ್ ಮಾಡಿ ಹೊಟ್ಟೆಯನ್ನು ತೆರೆದು ನೋಡುವುದೆಂದು ನಿಶ್ಚಯಿಸಿದ್ದರು. ಅಷ್ಟರಲ್ಲಿ ಜೊತೆಗಾರನೊಬ್ಬ ಅತ್ಯುತ್ಸಾಹದಿಂದ ಚೂರಿಯನ್ನು ಕಾಯಿಸಿ ಎಸೆದ. ಪಾಪದ ಹಕ್ಕಿ ಅದನ್ನೂ ನುಂಗಿತು. ಚೂರಿಯ ಮೊನೆ ಕುತ್ತಿಗೆಯಿಂದ ಹೊರಬಂದು, ಹಕ್ಕಿ ಅಲ್ಲಿಯೇ ಸತ್ತುಬಿದ್ದಿತು. ನೋಡಬೇಕೆಂದಿದ್ದನ್ನು ನೋಡದಂತೆ ಒಬ್ಬನ ಒಡ್ಡತನ ತಡೆಯಿತು ಎಂದು ಜಾಹಿಝ್ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಆ ಮೂಕ ಹಕ್ಕಿಗೆ ಕೊಟ್ಟ ಹಿಂಸೆಯನ್ನು ಓದುವಾಗ ನನಗೆ ಕಸಿವಿಸಿಯಾಗುತ್ತದೆ. ಆದರೂ ಕೆಟ್ಟುಹೋದ ಪ್ರಯೋಗವನ್ನು ಕೆಟ್ಟಿತೆಂದೇ ಬರೆದಿಟ್ಟ ಆ ಪುಟವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಹೊಟ್ಟೆಯ ವಿಪರೀತ ಶಾಖವೇ ಕಲ್ಲನ್ನು ಕರಗಿಸುತ್ತದೆ ಎಂದವರನ್ನೂ ಜಾಹಿಝ್ ಸುಮ್ಮನೆ ಬಿಡಲಿಲ್ಲ. ಮಡಕೆಯ ಕೆಳಗೆ ಹಗಲು ರಾತ್ರಿ ಬೆಂಕಿ ಉರಿಸಿದರೂ ಮಡಕೆ ಕರಗುವುದಿಲ್ಲವಲ್ಲ, ಶಾಖದ ಜೊತೆಗೆ ಬೇರೇನೋ ಗುಣ ಇರಲೇಬೇಕು ಎಂದು ವಾದಿಸಿದರು. ಕಲ್ಲು ಕರಗುತ್ತದೆ ಎಂಬುದನ್ನು ಮಾತ್ರ ಅವರೂ ಒಪ್ಪಿದ್ದರು, ಅಲ್ಲಿ ಎಡವಿದರು. ಹಲ್ಲಿಲ್ಲದ ಈ ಹಕ್ಕಿ ನುಂಗಿದ ಕಲ್ಲುಗಳು ಜಠರದಲ್ಲಿ ಉಳಿದು ಸೊಪ್ಪು, ಬೀಜಗಳನ್ನು ಅರೆಯುತ್ತವೆ ಎಂದು ಈಗ ನಮಗೆ ತಿಳಿದಿದೆ. ಆ ದಿನ ಹೊಟ್ಟೆ ತೆರೆದಿದ್ದರೆ ಅವರಿಗೂ ತಿಳಿಯುತ್ತಿತ್ತೋ ಏನೋ.

ತನ್ನ ಮೊಟ್ಟೆ ಬಿಟ್ಟು ಬೇರೆಯವರದಕ್ಕೆ ಕಾವು ಕೊಡುವ ದಡ್ಡ ಹಕ್ಕಿ ಎಂಬ ಮಾತೂ ಆ ಗ್ರಂಥದಲ್ಲಿದೆ. ಅಸಲಿಗೆ ಹಲವು ಹೆಣ್ಣುಗಳು ಒಂದೇ ಗೂಡಿನಲ್ಲಿ ಇಡುತ್ತವೆ. ಹಗಲು ಮುಖ್ಯ ಹೆಣ್ಣು, ರಾತ್ರಿ ಗಂಡು ಕಾವು ಕೊಡುತ್ತವೆ. ಮೊಟ್ಟೆಗಳು ಹೆಚ್ಚಾದರೆ ಆ ಹೆಣ್ಣು ತನ್ನವನ್ನು ಗುರುತು ಹಿಡಿದು ನಡುವೆ ಇಟ್ಟುಕೊಂಡು, ಉಳಿದವನ್ನು ಅಂಚಿಗೆ ತಳ್ಳುತ್ತದೆ. ದಡ್ಡತನವೆಲ್ಲಿ ಬಂತು?

ಆಸ್ಥಾನದ ಆಶ್ರಯ ಶಾಶ್ವತವಲ್ಲ. 847ರಲ್ಲಿ ವಜೀರ ಇಬ್ನುಲ್ ಝಯ್ಯಾತ್ ಹೊಸ ಖಲೀಫಾ ಮುತವಕ್ಕಿಲ್‌ರ ಕೋಪಕ್ಕೆ ಸಿಕ್ಕಿ ಘೋರ ಹಿಂಸೆಯಿಂದ ಸತ್ತ. ಜಾಹಿಝ್‌ರನ್ನೂ ಬಂಧಿಸಿ ಕರೆತಂದರು. ವಾಕ್ಚಾತುರ್ಯದಿಂದ ಪಾರಾದರು. ಖಲೀಫಾರ ಮಕ್ಕಳಿಗೆ ಶಿಕ್ಷಕರನ್ನಾಗಿ ನೇಮಿಸಲು ಒಮ್ಮೆ ಕರೆಸಿ, ಮುಖ ನೋಡಿದ ಮೇಲೆ ಬೇಡವೆಂದು 10,000 ದಿರ್ಹಮ್ ಕೊಟ್ಟು ಕಳಿಸಿದರಂತೆ. ಇಂತಹ ಮೇಷ್ಟ್ರನ್ನು ಕಳೆದುಕೊಂಡ ಮಕ್ಕಳ ಬಗ್ಗೆ ನನಗೆ ಕನಿಕರವಿದೆ.

ಕೊನೆಗಾಲದಲ್ಲಿ ಬಸರಾಕ್ಕೆ ಮರಳಿದರು. ದೇಹದ ಒಂದು ಪಾರ್ಶ್ವಕ್ಕೆ ಲಕ್ವ ಹೊಡೆದು ಸ್ಪರ್ಶವೇ ಇರಲಿಲ್ಲ, ಇನ್ನೊಂದು ಪಾರ್ಶ್ವದಲ್ಲಿ ನೊಣ ಕುಳಿತರೂ ಸಹಿಸಲಾಗದ ನೋವು. ಪ್ರಾಣಿಗ್ರಂಥ ಬರೆಯುವಾಗಲೂ ತೀವ್ರ ಕಾಯಿಲೆಯಿತ್ತು, ಸಹಾಯಕರಿರಲಿಲ್ಲ, ಕೃತಿಯೂ ಉದ್ದವಾಯಿತು ಎಂದು ಅದರ ನಾಲ್ಕನೆಯ ಭಾಗದಲ್ಲಿ ಓದುಗರ ಕ್ಷಮೆ ಕೋರಿದ್ದಾರೆ. ಉಷ್ಟ್ರಪಕ್ಷಿಯ ಪ್ರಕರಣವೂ ಅದೇ ಭಾಗದಲ್ಲಿದೆ. ಹಿಜರಿ 255ರಲ್ಲಿ, ಎಂದರೆ 868ರ ಕೊನೆ ಅಥವಾ 869ರ ಆರಂಭದಲ್ಲಿ, 90 ದಾಟಿದ ವಯಸ್ಸಿನಲ್ಲಿ ನಿಧನರಾದರು. ಪುಸ್ತಕಗಳ ರಾಶಿ ಮೈಮೇಲೆ ಬಿದ್ದು ತೀರಿಕೊಂಡರೆಂಬ ಕಥೆ ಉಂಟು. ಅವರದೇ ಕ್ರಮದಂತೆ ಅದನ್ನು ಸಂದೇಹದಿಂದಲೇ ನೋಡೋಣ.

ಕಿತಾಬುಲ್ ಹಯವಾನ್‌ನ ಸಂಶೋಧಿತ ಮುದ್ರಣವನ್ನು ಅಬ್ದುಸ್ಸಲಾಮ್ ಹಾರೂನ್ ಅವರು ಕೈರೋದಲ್ಲಿ 1938ರಿಂದ 1945ರ ನಡುವೆ ಹೊರತಂದರು. ಅತ್ತ ಅರಬ್ ಮರುಭೂಮಿಯಲ್ಲಿ ಮೋಟಾರು ಗಾಡಿ ಮತ್ತು ಬಂದೂಕುಗಳೊಂದಿಗೆ ಬೇಟೆಗಾರರು ಕಡೆಯ ಉಷ್ಟ್ರಪಕ್ಷಿಗಳ ಬೆನ್ನು ಹತ್ತಿದ್ದರು. 20ನೆಯ ಶತಮಾನದ ಮಧ್ಯಭಾಗದಲ್ಲಿ ಆ ಅರಬ್ ತಳಿ ಅಳಿದೇ ಹೋಯಿತು. ಅದರ ಮೊಟ್ಟೆಯ ದಪ್ಪ ಚಿಪ್ಪಿನ ಚೂರುಗಳು ಅಲ್ಲಿನ ಮರಳಿನಲ್ಲಿ ಇಂದಿಗೂ ಸಿಗುತ್ತವೆ.