ಘಮದ ಬೆನ್ನು ಹತ್ತಿದ ಸೈಮನ್‌ಸನ್

ಬೇಸಿಗೆ ರಜೆಗೆ ನಮ್ಮೂರು ಸಿದ್ದಾಪುರಕ್ಕೆ ಹೋದ್ರೆ ಮನೆ ತುಂಬಾ ಮಾವಿನ ಹಣ್ಣಿನ ಘಮ. ಕೆಲವು ಮಾವಿನ ತಳಿಗಳ ಘಮಕ್ಕೆ ಕಾರಣವಾದ ವಸ್ತುಗಳಲ್ಲಿ ಒಂದು ಕ್ಯಾರೀನ್. ತಮಾಷೆ ಅಂದ್ರೆ, ಅದೇ ಕ್ಯಾರೀನ್ ಗಾಂಜಾದ ಕೆಲವು ತಳಿಗಳಲ್ಲೂ ಇರುತ್ತೆ! ಗಾಂಜಾದ ಘಾಟು ಅಮಲು ತರುವ ಟಿಎಚ್‌ಸಿಯದ್ದಲ್ಲ. ಅದರಲ್ಲಿ ಹೆಚ್ಚಿನ ಪಾಲು ಟರ್ಪೀನ್‌ಗಳದ್ದು: ನಿಂಬೆ ವಾಸನೆಗೆ ಲಿಮೋನೀನ್, ಪೈನ್ ಮರದ ವಾಸನೆಗೆ ಪೈನೀನ್, ಮೆಣಸಿನ ವಾಸನೆಗೆ ಕ್ಯಾರಿಯೋಫಿಲೀನ್. (ಗಾಂಜಾ ನಮ್ಮಲ್ಲಿ 1985ರ ಕಾಯ್ದೆ ಪ್ರಕಾರ ಅಪರಾಧ. ಇಲ್ಲಿ ಬರೀ ಕೆಮಿಸ್ಟ್ರಿ ಮಾತು!)

ಈ ಕ್ಯಾರೀನ್‌ನ ಗುಟ್ಟು ಬಿಡಿಸಿದವರು ಜಾನ್ ಲಯೊನೆಲ್ ಸೈಮನ್‌ಸನ್. ಹುಟ್ಟಿದ್ದು 1884ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. 1910ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರೊಫೆಸರ್ ಆಗಿ ಬಂದರು. ಇಲ್ಲಿ ವಿಜ್ಞಾನಿಗಳು ಒಬ್ಬೊಬ್ಬರೇ ಮೂಲೆಯಲ್ಲಿ ಕೆಲಸ ಮಾಡ್ತಾ ಇದ್ದದ್ದನ್ನು ನೋಡಿ, ಮ್ಯಾಕ್‌ಮಹೋನ್ ಜೊತೆ ಸೇರಿ ಇಂಡಿಯನ್ ಸೈನ್ಸ್ ಕಾಂಗ್ರೆಸ್ ಕಟ್ಟಿದರು. ಅದರ ಮೊದಲ ಸಭೆ 1914ರಲ್ಲಿ ಕಲ್ಕತ್ತಾದಲ್ಲಿ ನಡೀತು.

1919ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಗೆ ಹೋದರು. ಹಿಮಾಲಯದ ಚಿರ್ ಪೈನ್ ಮರದ ರಾಳದಿಂದ ಬರುವ ಟರ್ಪೆಂಟೈನ್ ಎಣ್ಣೆಯಲ್ಲಿ ಅವರಿಗೆ ಸಿಕ್ಕಿದ್ದು ಎರಡು ವಸ್ತು: ಕ್ಯಾರೀನ್ ಮತ್ತು ಲಾಂಗಿಫೋಲೀನ್. ಇವತ್ತು ಜಿಸಿ-ಎಂಎಸ್ ಯಂತ್ರಕ್ಕೆ ಒಂದು ಹನಿ ಹಾಕಿದ್ರೆ ಪಟ್ಟಿ ಬಂದುಬಿಡುತ್ತೆ. ಅವರ ಹತ್ರ ಅದಿರಲಿಲ್ಲ. ಎಣ್ಣೆಯನ್ನ ಬಟ್ಟಿ ಇಳಿಸಬೇಕು, ಕುದಿಯುವ ಬಿಂದು ನೋಡಬೇಕು, ಅಣುವನ್ನ ಆಕ್ಸಿಡೈಸ್ ಮಾಡಿ ಒಡೆದು, ಚೂರುಗಳನ್ನ ನೋಡಿ ಇಡೀ ಅಣು ಹೇಗಿತ್ತು ಅಂತ ಊಹಿಸಬೇಕು. ಆರು ಕಾರ್ಬನ್‌ಗಳ ಉಂಗುರಕ್ಕೆ ಮೂರು ಕಾರ್ಬನ್‌ಗಳ ಪುಟ್ಟ ಉಂಗುರ ಅಂಟಿಕೊಂಡಿರೋದೇ ಕ್ಯಾರೀನ್ ಅಂತ ಗೊತ್ತಾಗಿದ್ದು ಹೀಗೆ.

1925ರಲ್ಲಿ ಅವರು ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಪ್ರೊಫೆಸರ್ ಆಗಿ ಬಂದು, 1928ರವರೆಗೆ ಇದ್ದರು. ಆಮೇಲೆ ವೇಲ್ಸ್‌ನ ಬ್ಯಾಂಗರ್‌ನಲ್ಲಿ ಪಾಠ ಮಾಡಿದರು. ಟರ್ಪೀನ್‌ಗಳ ಬಗ್ಗೆ ಹಲವು ಸಂಪುಟಗಳ ದೊಡ್ಡ ಗ್ರಂಥ ಬರೆದರು.

ಆದ್ರೆ ಲಾಂಗಿಫೋಲೀನ್ ಮಾತ್ರ ಸೋಲಲಿಲ್ಲ. ಹದಿನೈದು ಕಾರ್ಬನ್‌ಗಳ ಆ ಅಣು ಬಿಡಿಸಲಾಗದ ಗಂಟಾಗಿಯೇ ಉಳೀತು. ಅದರ ಆಕಾರ ತಿಳಿದದ್ದು 1953ರಲ್ಲಿ, ಎಕ್ಸ್-ರೇ ಮೂಲಕ, ಬೇರೆಯವರ ಕೈಯಲ್ಲಿ. ಅಷ್ಟರಲ್ಲಿ ಸೈಮನ್‌ಸನ್‌ಗೆ ಎಪ್ಪತ್ತರ ಹತ್ತಿರ. ತಾವು ಹುಡುಕಿದ ವಸ್ತುವಿನ ಉತ್ತರಕ್ಕೆ ಮೂವತ್ತು ವರ್ಷ ಕಾದ ಅವರು 1957ರಲ್ಲಿ ತೀರಿಕೊಂಡರು.

ಒಂದು ಲ್ಯಾಬ್ ರೀಡಿಂಗ್ ಸರಿ ಬರದಿದ್ರೆ ಪಕ್ಕದವನ ರೆಕಾರ್ಡ್ ನೋಡಿ ಬರೆಯೋ ನನಗೆ, ಈ ಮೂವತ್ತು ವರ್ಷದ ಲೆಕ್ಕ ಯಾಕೋ ಚುಚ್ಚುತ್ತೆ. ಮುಂದಿನ ಸಲ ಮಾವು ಮೂಸಿದಾಗ ನಿಮಗೂ ಅವರ ನೆನಪಾಗಲಿ.