ರಾಸಾಯನಿಕ ಸಮತೋಲದ ನಿಯಮಕಾರ ಹೆನ್ರಿ ಲ ಶಾತೆಲಿಯೇ

ಕಾಲೇಜಿನ ವಿಜ್ಞಾನ ತರಗತಿಯ ಮೆಟ್ಟಿಲು ಹತ್ತಿದವರೆಲ್ಲರೂ ಲೀ ಚಾಟೆಲಿಯರ್ ಎಂಬ ಹೆಸರನ್ನು ಒಮ್ಮೆಯಾದರೂ ಕಂಠಪಾಠ ಮಾಡಿರುತ್ತಾರೆ. ಫ್ರೆಂಚರ ನಾಲಗೆಯಲ್ಲಿ ಅದು ಲ ಶಾತೆಲಿಯೇ. ಹೆಸರಿನೊಡನೆ ನಿಯಮವೊಂದು ನೆನಪಾಗುತ್ತದೆ. ನಿಯಮದ ಹಿಂದಿದ್ದ ವ್ಯಕ್ತಿಯ ಪರಿಚಯ ಮಾತ್ರ ಪಠ್ಯಪುಸ್ತಕಗಳಲ್ಲಿ ದೊರೆಯುವುದು ವಿರಳ.

ಹೆನ್ರಿ ಲೂಯಿ ಲ ಶಾತೆಲಿಯೇ ಅವರು 1850ರ ಅಕ್ಟೋಬರ್ 8ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಲೂಯಿಯವರು ಗಣಿ ಇಂಜಿನಿಯರರು. ಫ್ರಾನ್ಸಿನ ರೈಲುಮಾರ್ಗಗಳ ಹಾಗೂ ಅಲ್ಯೂಮಿನಿಯಂ ಉದ್ಯಮದ ಬೆಳವಣಿಗೆಗೆ ದುಡಿದವರು. ತಾಯಿ ಮಕ್ಕಳನ್ನು ಕಟ್ಟುನಿಟ್ಟಾದ ಶಿಸ್ತಿನಲ್ಲಿ ಬೆಳೆಸಿದರು. 1869ರಲ್ಲಿ ಎಕೋಲ್ ಪಾಲಿಟೆಕ್ನಿಕ್ ಸೇರಿದ ತರುಣನ ವ್ಯಾಸಂಗಕ್ಕೆ ಮರುವರ್ಷವೇ ಜರ್ಮನರೊಡನೆ ನಡೆದ ಯುದ್ಧ ಅಡ್ಡಬಂದಿತು. ಅನಂತರ ಗಣಿಶಾಸ್ತ್ರ ವಿದ್ಯಾಲಯದಲ್ಲಿ ಶಿಕ್ಷಣ ಮುಗಿಸಿ, ಕೆಲಕಾಲ ಇಂಜಿನಿಯರಾಗಿದ್ದು, 1877ರಲ್ಲಿ ಅದೇ ವಿದ್ಯಾಲಯಕ್ಕೆ ರಸಾಯನಶಾಸ್ತ್ರದ ಅಧ್ಯಾಪಕರಾಗಿ ಮರಳಿದರು.

ಅವರ ಸಂಶೋಧನೆಗಳೆಲ್ಲವೂ ಬೆಂಕಿಯ ಸುತ್ತ ಹೆಣೆದುಕೊಂಡಿವೆ ಎಂದರೆ ಅತಿಶಯೋಕ್ತಿಯಾಗದು. ಗಣಿಗಳಲ್ಲಿ ಸಿಡಿಯುವ ಅನಿಲ, ಸುಣ್ಣದ ಗೂಡು, ಸಿಮೆಂಟು, ಉಕ್ಕು — ಇವೇ ಅವರ ವಿಷಯಗಳು. ಕುಲುಮೆಯ ಉಷ್ಣತೆಯನ್ನು ನಂಬಲರ್ಹವಾಗಿ ಅಳೆಯುವ ಸಾಧನ ಆಗ ಇರಲಿಲ್ಲ. ಪ್ಲಾಟಿನಂ ತಂತಿಯನ್ನೂ ಪ್ಲಾಟಿನಂ-ರೋಡಿಯಂ ಮಿಶ್ರಲೋಹದ ತಂತಿಯನ್ನೂ ಬೆಸೆದು, ಆ ಬೆಸುಗೆ ಕಾದಾಗ ಹುಟ್ಟುವ ವಿದ್ಯುತ್ತಿನಿಂದ ಉಷ್ಣತೆಯನ್ನು ಅರಿಯುವ ಉಪಕರಣವನ್ನು ಅವರು ಸಿದ್ಧಗೊಳಿಸಿದರು. ಸುಣ್ಣದ ಕಲ್ಲು ಯಾವ ಉಷ್ಣತೆಯಲ್ಲಿ ಎಷ್ಟು ಒಡೆಯುತ್ತದೆಂಬುದನ್ನು ಅಳೆದು ನೋಡಲು ಇದರಿಂದ ಸಾಧ್ಯವಾಯಿತು.

ಊದುಕುಲುಮೆಗಳ ಒಂದು ಒಗಟು ಅವರ ಲಕ್ಷ್ಯವನ್ನು ವಿಶೇಷವಾಗಿ ಸೆಳೆದಿತ್ತು. ಅದಿರಿನ ಆಮ್ಲಜನಕವನ್ನು ಇಂಗಾಲದ ಮಾನಾಕ್ಸೈಡ್ ಸೆಳೆದುಕೊಂಡಾಗ ಕಬ್ಬಿಣ ದೊರೆಯುತ್ತದೆ. ಆದರೂ ಬಹುಪಾಲು ಮಾನಾಕ್ಸೈಡ್ ವ್ಯರ್ಥವಾಗಿ ಹೊರಬೀಳುತ್ತಿತ್ತು. ಅದಿರಿನೊಡನೆ ಅನಿಲದ ಸಂಪರ್ಕ ಸಾಲದೆಂದು ಭಾವಿಸಿ ಇಂಗ್ಲೆಂಡಿನಲ್ಲಿ ಇನ್ನೂ ಎತ್ತರದ ಕುಲುಮೆಗಳನ್ನು ಕಟ್ಟಿದರು. ಹಣ ಹೋಯಿತು, ಅನಿಲದ ಪ್ರಮಾಣ ತಗ್ಗಲಿಲ್ಲ. ಕ್ರಿಯೆ ಮುಂದಕ್ಕೂ ಹಿಂದಕ್ಕೂ ನಡೆಯುವಂಥದು, ಎರಡೂ ಸರಿಸಮನಾದೆಡೆ ಅದು ನಿಂತಂತೆ ತೋರುತ್ತದೆ, ಎತ್ತರದಿಂದ ಆ ಸಮತೋಲ ಕದಲದು ಎಂಬುದೇ ಅದರ ಮರ್ಮ.

ಹಾಗಾದರೆ ಯಾವುದರಿಂದ ಕದಲೀತು? ಉಷ್ಣತೆಯ ಮಟ್ಟಿಗೆ ಹಾಲೆಂಡಿನ ವಾಂಟ್ ಹಾಫ್ ಅವರು 1884ರಲ್ಲಿ ಉತ್ತರವಿತ್ತಿದ್ದರು. ಅದೇ ವರ್ಷ ಲ ಶಾತೆಲಿಯೇ ಅದನ್ನು ಒತ್ತಡ ಮೊದಲಾದವುಗಳಿಗೂ ವಿಸ್ತರಿಸಿದರು, 1888ರಲ್ಲಿ ಸರಳಗೊಳಿಸಿದರು. ಸಮತೋಲದಲ್ಲಿರುವ ವ್ಯವಸ್ಥೆಯ ಮೇಲೆ ಬದಲಾವಣೆಯನ್ನು ಹೇರಿದರೆ, ಆ ಬದಲಾವಣೆಯನ್ನು ಕುಗ್ಗಿಸುವ ದಿಕ್ಕಿಗೆ ವ್ಯವಸ್ಥೆ ಸರಿಯುತ್ತದೆ ಎಂಬುದು ಅದರ ಸಾರ. ಕುಗ್ಗಿಸುತ್ತದೆಯೇ ಹೊರತು ಪೂರ್ಣವಾಗಿ ಅಳಿಸುವುದಿಲ್ಲ; ಬೋಧಿಸುವಾಗ ಈ ಮಾತು ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಶಾಖವನ್ನು ಊಡಿದರೆ ಶಾಖ ಹೀರುವ ಅಂತರುಷ್ಣಕ ಕ್ರಿಯೆ ಮುಂದಾಗುತ್ತದೆ. ತಂಪುಗೊಳಿಸಿದರೆ ಶಾಖ ಬಿಡುವ ಬಹಿರುಷ್ಣಕ ಕ್ರಿಯೆ. ನೈಟ್ರೋಜನ್ ಡೈಆಕ್ಸೈಡ್ ತುಂಬಿ ಮುಚ್ಚಿದ ಗಾಜಿನ ನಳಿಕೆಯನ್ನು ಬಿಸಿನೀರಿನಲ್ಲಿಟ್ಟರೆ ಕಂದುಬಣ್ಣ ಗಾಢವಾಗುತ್ತದೆ, ಮಂಜುಗಡ್ಡೆಯಲ್ಲಿಟ್ಟರೆ ಮಾಸುತ್ತದೆ. ಉಷ್ಣತೆಗೆ ಇನ್ನೊಂದು ವೈಶಿಷ್ಟ್ಯವುಂಟು. ಒತ್ತಡ ಬದಲಾದರೆ ಸಮತೋಲದ ಸ್ಥಾನ ಸರಿದರೂ ಸಮತೋಲ ಸ್ಥಿರಾಂಕ ಹಾಗೆಯೇ ಉಳಿಯುತ್ತದೆ. ಉಷ್ಣತೆ ಆ ಸ್ಥಿರಾಂಕವನ್ನೇ ಬದಲಿಸುತ್ತದೆ.

ಈ ನಿಯಮವನ್ನೇ ಕೈದೀವಿಗೆಯಾಗಿ ಹಿಡಿದು ಅವರು 1901ರಲ್ಲಿ ಸಾರಜನಕ-ಜಲಜನಕಗಳಿಂದ ಅಮೋನಿಯಾ ಪಡೆಯಲು ಹೊರಟರು. ಅದು ಬಹಿರುಷ್ಣಕ ಕ್ರಿಯೆ. ನಾಲ್ಕು ಪಾಲು ಅನಿಲ ಎರಡು ಪಾಲಾಗುವ ಕ್ರಿಯೆ. ಆದುದರಿಂದ ಒತ್ತಡ ಹೆಚ್ಚಿರಬೇಕು, ಉಷ್ಣತೆ ತಗ್ಗಿರಬೇಕು. ಆದರೆ ಉಷ್ಣತೆ ತೀರ ತಗ್ಗಿದರೆ ಕ್ರಿಯೆ ಸಾಗುವುದೇ ಇಲ್ಲ. ಇನ್ನೂರು ವಾಯುಮಂಡಲಗಳ ಒತ್ತಡದಲ್ಲಿ ಸಮತೋಲ ಮಿಶ್ರಣದೊಳಗಿನ ಅಮೋನಿಯಾ 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡಾ ಸುಮಾರು 38. 500ರಲ್ಲಿ ಸುಮಾರು 18. 600ರಲ್ಲಿ ಕೇವಲ 8. ಲ ಶಾತೆಲಿಯೇ ಇನ್ನೂರು ವಾಯುಮಂಡಲ, ಆರುನೂರು ಡಿಗ್ರಿ ಮತ್ತು ಕಬ್ಬಿಣದ ಕ್ರಿಯಾವರ್ಧಕವನ್ನು ಆರಿಸಿಕೊಂಡರು. ದಾರಿ ಸರಿಯಾಗಿಯೇ ಇತ್ತು. ಆದರೆ ಉಪಕರಣದೊಳಗೆ ಗಾಳಿ ಸೇರಿದ್ದರಿಂದ ಭೀಕರ ಸ್ಫೋಟ ಸಂಭವಿಸಿತು. ಸಹಾಯಕರೊಬ್ಬರು ಕೂದಲೆಳೆಯಷ್ಟರಲ್ಲಿ ಬದುಕಿಕೊಂಡರು. ಪ್ರಯೋಗ ಅಲ್ಲಿಗೇ ನಿಂತಿತು. ಸಹೋದ್ಯೋಗಿಯ ಪ್ರಾಣಕ್ಕೆ ಬೆಲೆಯಿತ್ತವರನ್ನು ಯಾರೂ ಹಳಿಯಲಾರರು; ಆದರೂ ಸಿಡಿದದ್ದು ಅಮೋನಿಯಾದ ಕ್ರಿಯೆಯಲ್ಲ, ಒಳಹೊಕ್ಕ ಗಾಳಿಯ ಆಮ್ಲಜನಕವೆಂಬುದು ಆಗಲೇ ಇತ್ಯರ್ಥವಾಗಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇನೋ.

1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಅವರು ಆಸ್ಮಿಯಂ ಲೋಹದ ನೆರವಿನಿಂದ ಅಮೋನಿಯಾ ತೊಟ್ಟಿಕ್ಕುವುದನ್ನು ತೋರಿಸಿದರು. ಕಾರ್ಲ್ ಬಾಷ್ ಅವರ ಶ್ರಮದಿಂದ 1913ರಲ್ಲಿ ಓಪೌ ಎಂಬಲ್ಲಿ ಕಾರ್ಖಾನೆ ನಡೆಯತೊಡಗಿತು. ಮರುವರ್ಷ ಮಹಾಯುದ್ಧ ತೊಡಗಿ, ಹೊಲಕ್ಕೆ ಗೊಬ್ಬರವಾಗಬೇಕಾಗಿದ್ದ ಅಮೋನಿಯಾ ಫ್ರಾನ್ಸಿನ ಶತ್ರುಗಳಿಗೆ ಸಿಡಿಮದ್ದಿನ ಮೂಲವೂ ಆಯಿತು.

ಅಷ್ಟರಲ್ಲಿ ಲ ಶಾತೆಲಿಯೇ ಕೀರ್ತಿಶಿಖರವನ್ನು ಏರಿದ್ದರು. 1898ರಲ್ಲಿ ಕಾಲೇಜ್ ದ ಫ್ರಾನ್ಸ್, 1907ರಲ್ಲಿ ಸಾರ್ಬಾನ್ ಪೀಠ, ಅದೇ ವರ್ಷ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಅವರಿಗೆ ಒದಗಿದ್ದವು. ಅಮೆರಿಕದ ಗಿಬ್ಸ್ ಅವರ ಸಮತೋಲ ಸಿದ್ಧಾಂತವನ್ನು ಫ್ರೆಂಚಿಗೆ ತಂದವರೂ ಅವರೇ. ಇಷ್ಟೆಲ್ಲ ಸಂದರೂ ಅಮೋನಿಯಾ ಕೈಜಾರಿದ್ದನ್ನು ಅವರು ಮರೆಯಲಿಲ್ಲ. ತಮ್ಮ ವೈಜ್ಞಾನಿಕ ಜೀವನದ ಅತಿದೊಡ್ಡ ಪ್ರಮಾದ ಅದೇ ಎಂದು ಮುಚ್ಚುಮರೆಯಿಲ್ಲದೆ ದಾಖಲಿಸಿದರು. 1936ರ ಸೆಪ್ಟೆಂಬರ್ 17ರಂದು, ಎಂಬತ್ತಾರನೆಯ ವಯಸ್ಸು ತುಂಬಲು ಮೂರು ವಾರಗಳಿರುವಾಗ, ಮಿರಿಬೆಲ್ ಲೆಜೆಷೆಲ್ ಎಂಬ ಗ್ರಾಮದಲ್ಲಿ ನಿಧನರಾದರು.